ಮೊದಲು ನಾಯಿಗಳ ಊಟ, ಆಮೇಲೆ ನಿದ್ದೆ

ಅಲಾಸ್ಕದ ಹಳ್ಳಿಗಳಿಗೆ ಹಿಮದ ಮೋಟಾರುಗಾಡಿ ಬಂದಮೇಲೆ ಜಾರುಬಂಡಿ ಎಳೆಯುವ ನಾಯಿಗಳಿಗೆ ಕೆಲಸವಿಲ್ಲದಂತಾಯಿತು. ಆ ನಾಯಿಗಳನ್ನು ಉಳಿಸಬೇಕೆಂದು ಹಟ ತೊಟ್ಟವರು ಜೋ ರೆಡಿಂಗ್ಟನ್. 1973ರಲ್ಲಿ ಅವರು ಶುರುಮಾಡಿದ ಇಡಿಟರಾಡ್ ಜಾರುಬಂಡಿ ಪಂದ್ಯ ಇಂದಿಗೂ ಪ್ರತಿ ಮಾರ್ಚ್‌ನಲ್ಲಿ ನಡೆಯುತ್ತದೆ. ಆಂಕರೇಜ್‌ನಿಂದ ಬೇರಿಂಗ್ ಸಮುದ್ರದ ದಡದ ನೋಮ್‌ವರೆಗೆ ಸುಮಾರು 1,600 ಕಿ.ಮೀ. ದಾರಿ. ನಡುವೆ ಪರ್ವತಶ್ರೇಣಿ, ಹೆಪ್ಪುಗಟ್ಟಿದ ಯೂಕಾನ್ ನದಿ, ಕಣ್ಣು ಬಿಡಗೊಡದ ಬಿರುಗಾಳಿ. ಮೊದಲ ವರ್ಷ ಗೆದ್ದವರಿಗೆ 20 ದಿನ ಹಿಡಿದಿತ್ತು. ಈಗ ಹತ್ತು ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ.

ಬಂಡಿ ಓಡಿಸುವವರನ್ನು ಮಷರ್ ಎನ್ನುತ್ತಾರೆ. ಅವರ ನಿಜವಾದ ಪರೀಕ್ಷೆ ನಡೆಯುವುದು ಬಂಡಿ ನಿಂತಾಗ. ತಂಗುದಾಣ ತಲುಪಿದೊಡನೆ ನಾಯಿಗಳಿಗೆ ಒಣಹುಲ್ಲು ಹಾಸಬೇಕು. ಹಿಮ ಕರಗಿಸಿ, ಮಾಂಸ, ಕೊಬ್ಬು ಬೆರೆಸಿ ಬಿಸಿ ಊಟ ಸಿದ್ಧಮಾಡಬೇಕು. ಒಂದೊಂದು ನಾಯಿಗೂ ದಿನಕ್ಕೆ ಸುಮಾರು 10,000 ಕ್ಯಾಲೊರಿ ಬೇಕು. ಆಮೇಲೆ ಪಾದಗಳ ಆರೈಕೆ. ಹದಿನಾಲ್ಕು ನಾಯಿಗಳೆಂದರೆ 56 ಪಾದಗಳು. ಒಂದೊಂದರ ಬಟ್ಟೆಬೂಟು ಬಿಚ್ಚಿ, ಬೆರಳ ಸಂದಿ ಬಿಡಿಸಿ, ಬಿರುಕಿದ್ದರೆ ಮುಲಾಮು ಹಚ್ಚಬೇಕು. ಹೊರಡುವ ಮುನ್ನ ಅಷ್ಟಕ್ಕೂ ಮತ್ತೆ ಬೂಟು ತೊಡಿಸಬೇಕು, ಮರಗಟ್ಟಿಸುವ ಚಳಿಯಲ್ಲಿ. ಇದಕ್ಕೆಲ್ಲ ಹೊರಗಿನವರು ಕೈಹಾಕುವಂತಿಲ್ಲ. ಕೊನೆಗೆ ಮಷರ್‌ಗೆ ಸಿಗುವುದು ಒಂದೆರಡು ತಾಸಿನ ನಿದ್ದೆ. ನಿದ್ದೆಗೆಟ್ಟು ದಾರಿಯಲ್ಲಿ ಇಲ್ಲದ ಮನೆ, ಮನುಷ್ಯರನ್ನು ಕಂಡವರೂ ಇದ್ದಾರೆ.

ದಾರಿಯಲ್ಲಿ ಅಪಾಯಗಳೂ ಕಾದಿರುತ್ತವೆ. 1985ರಲ್ಲಿ ಸೂಸನ್ ಬುಚರ್ ಎಂಬ ಮಷರ್‌ನ ತಂಡದ ಮೇಲೆರಗಿದ ಮೂಸ್, ಅಂದರೆ ಆ ನಾಡಿನ ಭಾರಿ ಜಿಂಕೆ, ಎರಡು ನಾಯಿಗಳನ್ನು ತುಳಿದು ಕೊಂದಿತು. ಅವರು ಪಂದ್ಯ ಬಿಟ್ಟರು. ಆ ಸಲ ಬಿರುಗಾಳಿಗೇ ಬಂಡಿ ಹೂಡಿದ ಲಿಬ್ಬಿ ರಿಡಲ್ಸ್ ಗೆದ್ದು, ಪಂದ್ಯ ಗೆದ್ದ ಮೊದಲ ಮಹಿಳೆಯಾದರು. ಮುಂದಿನ ಐದು ವರ್ಷಗಳಲ್ಲಿ ಬುಚರ್ ನಾಲ್ಕು ಸಲ ಗೆದ್ದರು.

ಪಂದ್ಯದ ನಡುವೆ 24 ತಾಸಿನ ಒಂದು, ಎಂಟು ತಾಸಿನ ಎರಡು ವಿಶ್ರಾಂತಿ ಕಡ್ಡಾಯ. ದಾರಿಯುದ್ದಕ್ಕೂ ಪಶುವೈದ್ಯರಿರುತ್ತಾರೆ, ಬಳಲಿದ ನಾಯಿಯನ್ನು ವಿಮಾನದಲ್ಲಿ ಹಿಂದಕ್ಕೆ ಕಳಿಸುತ್ತಾರೆ. ಇಷ್ಟಾಗಿಯೂ 2024ರಲ್ಲಿ ಮೂರು ನಾಯಿಗಳು ಸತ್ತವು. ಪಂದ್ಯವೇ ಬೇಡವೆನ್ನುವ ಪ್ರಾಣಿಪ್ರಿಯರ ಸಂಕಟವನ್ನು ತಳ್ಳಿಹಾಕಲಾಗದು.

1925ರಲ್ಲಿ ನೋಮ್‌ಗೆ ಗಂಟಲಮಾರಿ ಬಡಿದಾಗ ನಾಯಿಬಂಡಿಗಳಲ್ಲಿ ಔಷಧ ಹೊತ್ತು ಸಾಗಿದವರ ಪೈಕಿ ಅತಿ ದೂರ ಕ್ರಮಿಸಿದವರು ಲಿಯೊನ್‌ಹಾರ್ಡ್ ಸೆಪ್ಪಲಾ. ನಾಯಿಗಳನ್ನು ಎಲ್ಲರಿಗಿಂತ ಚೆನ್ನಾಗಿ ನೋಡಿಕೊಂಡ ಮಷರ್‌ಗೆ ಸೆಪ್ಪಲಾ ಹೆಸರಿನ ಪ್ರಶಸ್ತಿ ಕೊಡುತ್ತಾರೆ. ಇಡಿಟರಾಡ್‌ನಲ್ಲಿ ಮೊದಲ ಸ್ಥಾನಕ್ಕಿಂತ ದೊಡ್ಡ ಗೌರವ ಇದೇ ಎಂಬುದು ನನ್ನ ಅಭಿಪ್ರಾಯ.