ಬಾರ್ನಬಸ್‌ನ ಇಂಜೆಕ್ಷನ್

ರಕ್ತ ಹೀರುವ ಪಿಶಾಚಿಯ ಕಥೆ ಎಂದರೆ ಶಿಲುಬೆ, ಬೆಳ್ಳುಳ್ಳಿ, ಎದೆಗೆ ಹೊಡೆಯುವ ಮರದ ಗೂಟ, ಇಷ್ಟೇ ಎಂದು ತಿಳಿದಿದ್ದೆ. ‘ಡಾರ್ಕ್ ಶ್ಯಾಡೋಸ್’ ಎಂಬ ಹಳೆಯ ಅಮೆರಿಕನ್ ಧಾರಾವಾಹಿ ನೋಡಿದ ಮೇಲೆ ಆ ಅಭಿಪ್ರಾಯ ಬದಲಾಯಿತು. ಅದರಲ್ಲಿ ಪಿಶಾಚಿಗೊಬ್ಬಳು ಡಾಕ್ಟರ್ ಇದ್ದಾಳೆ, ಇಂಜೆಕ್ಷನ್ ಕೋರ್ಸ್ ಇದೆ, ಡೋಸ್ ಹೆಚ್ಚಾಗಿ ಆಗುವ ಅನಾಹುತವೂ ಇದೆ. ಆಸ್ಪತ್ರೆಯ ಔಷಧಿ ಕೌಂಟರಿನ ಹಿಂದೆ ನಿಲ್ಲುವ ನನಗೆ ಬೇರೆ ಯಾವ ದೆವ್ವದ ಕಥೆಯೂ ಇಷ್ಟು ಹತ್ತಿರದ್ದು ಅನಿಸಿರಲಿಲ್ಲ.

ಡ್ಯಾನ್ ಕರ್ಟಿಸ್ ನಿರ್ಮಿಸಿದ ಈ ಧಾರಾವಾಹಿ ಎಬಿಸಿ ವಾಹಿನಿಯಲ್ಲಿ 1966ರ ಜೂನ್‌ನಿಂದ 1971ರ ಏಪ್ರಿಲ್‌ವರೆಗೆ, ವಾರಕ್ಕೆ ಐದು ದಿನ ಹಗಲು ಹೊತ್ತಿನಲ್ಲಿ ಬರುತ್ತಿತ್ತು. ಒಟ್ಟು 1,225 ಕಂತು. ಕಥೆ ನಡೆಯುವುದು ಮೇನ್ ರಾಜ್ಯದ ಕಡಲತೀರದ ಕಾಲಿನ್ಸ್‌ಪೋರ್ಟ್ ಎಂಬ ಕಾಲ್ಪನಿಕ ಊರಿನಲ್ಲಿ. ಮೊದಲ ತಿಂಗಳುಗಳಲ್ಲಿ ನೋಡುವವರು ಕಡಿಮೆ, ಧಾರಾವಾಹಿ ನಿಂತೇ ಹೋಗುವ ಸ್ಥಿತಿ. ಕೊನೆಯ ಪ್ರಯತ್ನವೆಂಬಂತೆ 1967ರ ಏಪ್ರಿಲ್‌ನಲ್ಲಿ ಬಾರ್ನಬಸ್ ಕಾಲಿನ್ಸ್ ಎಂಬ ಪಿಶಾಚಿಯನ್ನು ತಂದರು. ಕೆಲವು ವಾರ ಇದ್ದು ಹೋಗಬೇಕಿದ್ದ ಪಾತ್ರವದು. ಆದರೆ ಶಾಲೆ ಬಿಟ್ಟ ಮಕ್ಕಳು ಓಡೋಡಿ ಮನೆಗೆ ಬಂದು ಟಿವಿ ಮುಂದೆ ಕೂರತೊಡಗಿದರು. ಬಾರ್ನಬಸ್ ಉಳಿದುಕೊಂಡ.

ಪಾತ್ರ ಮಾಡಿದವರು ಕೆನಡಾದ ರಂಗನಟ ಜೊನಾಥನ್ ಫ್ರಿಡ್. ಆಗ ಅವರಿಗೆ 42 ವರ್ಷ. ಚಿತ್ರೀಕರಣ ನಾಟಕದ ಹಾಗೆ ಒಂದೇ ಓಟದಲ್ಲಿ ನಡೆಯುತ್ತಿತ್ತು. ತಪ್ಪಿದ ಮಾತು, ತಲೆಯ ಮೇಲೆ ಇಣುಕುವ ಮೈಕು, ಎಲ್ಲವೂ ಹಾಗೇ ಪ್ರಸಾರವಾಗುತ್ತಿದ್ದವು. ಮಾತು ಮರೆತು ಫ್ರಿಡ್ ತಡವರಿಸಿದರೆ ನಮಗೆ ಅದು ಹೊಸ ಕಾಲದಲ್ಲಿ ದಾರಿ ತಪ್ಪಿದವನ ಗಲಿಬಿಲಿಯಂತೆ ಕಾಣುತ್ತದೆ.

ಅವನು ದಾರಿ ತಪ್ಪಿದವನೇ. 1795ರ ಸುಮಾರಿಗೆ, ಅವನು ಕೈಬಿಟ್ಟ ಏಂಜೆಲಿಕ್ ಎಂಬ ಮಾಟಗಾತಿಯ ಶಾಪದಿಂದ ಪಿಶಾಚಿಯಾದ. ಕೊಲ್ಲಲು ಮನಸ್ಸು ಬಾರದ ಅಪ್ಪ, ಮಗನ ಶವಪೆಟ್ಟಿಗೆಗೆ ಸರಪಳಿ ಬಿಗಿಸಿದ. ಸುಮಾರು 170 ವರ್ಷದ ನಂತರ ಒಡವೆಯ ಆಸೆಗೆ ವಿಲ್ಲಿ ಎಂಬ ಕಳ್ಳ ಆ ಸರಪಳಿ ಒಡೆದ. ಹೊರಬಂದ ಬಾರ್ನಬಸ್ ತನ್ನದೇ ಮನೆತನದ ಬಾಗಿಲಲ್ಲಿ ನಿಂತು, ‘ಇಂಗ್ಲೆಂಡಿನಿಂದ ಬಂದ ದೂರದ ಸಂಬಂಧಿ ನಾನು’ ಎಂದು ಹೇಳಿಕೊಳ್ಳಬೇಕಾಯಿತು. ಗೋಡೆಯ ಮೇಲೆ ಅವನದೇ ಹಳೆಯ ಚಿತ್ರಪಟ ತೂಗುತ್ತಿತ್ತು.

ಡಾ. ಜೂಲಿಯಾ ಹಾಫ್‌ಮನ್ ಬರುವುದು ಇಲ್ಲಿ. ತನ್ನ ಪುಟ್ಟ ಕನ್ನಡಿಯಲ್ಲಿ ಅವನ ಬಿಂಬ ಕಾಣದಿದ್ದಾಗ ಅವಳಿಗೆ ನಿಜ ತಿಳಿಯುತ್ತದೆ. ಅವಳು ಗೂಟ ಹುಡುಕುವುದಿಲ್ಲ. ಇದು ರಕ್ತದ ಕಾಯಿಲೆ, ಗುಣಪಡಿಸಬಹುದು ಎನ್ನುತ್ತಾಳೆ. ಅಲ್ಲಿಂದ ಅವನು ರೋಗಿ. ಇಂಜೆಕ್ಷನ್ ಶುರುವಾಗುತ್ತದೆ. ಆದರೆ ಅವನಿಗೆ ಆತುರ. ಬೇಗ ಮನುಷ್ಯನಾಗಬೇಕು, ಡೋಸ್ ಹೆಚ್ಚಿಸು ಎಂದು ಹಟ ಹಿಡಿಯುತ್ತಾನೆ. ಅಪಾಯವಿದೆ ಎಂದರೂ ಕೇಳುವುದಿಲ್ಲ. ಪೆಟ್ಟಿಗೆಯೊಳಗೆ 170 ವರ್ಷ ಕಳೆದವನಿಗೆ ಇನ್ನೊಂದಿಷ್ಟು ದಿನ ಕಾಯಲಾಗಲಿಲ್ಲ. ಫಲವಾಗಿ ಅಷ್ಟೂ ವರ್ಷಗಳ ಮುಪ್ಪು ಒಮ್ಮೆಲೇ ಮೈಮೇಲೆ ಬಂತು. ಯೌವನ ಮರಳಿ ಪಡೆಯಲು ಅವನು ಕಚ್ಚಿದ್ದು ತನ್ನದೇ ಮನೆತನದ ಹುಡುಗಿ ಕ್ಯಾರೊಲಿನ್‌ಳನ್ನು.

1970ರ ‘ಹೌಸ್ ಆಫ್ ಡಾರ್ಕ್ ಶ್ಯಾಡೋಸ್’ ಚಲನಚಿತ್ರದಲ್ಲಿ ಇದನ್ನೇ ಬದಲಿಸಿದರು. ಅಲ್ಲಿ ಹೊಟ್ಟೆಕಿಚ್ಚಿನಿಂದ ಡಾಕ್ಟರೇ ಬೇಕೆಂದು ಡೋಸ್ ಏರಿಸುತ್ತಾಳೆ. ಸಿನಿಮಾಕ್ಕೆ ಅದು ಸರಿ. ಆದರೆ ಕೌಂಟರಿನಲ್ಲಿ ನಾನು ಕಾಣುವುದು ಧಾರಾವಾಹಿಯ ಬಾರ್ನಬಸ್‌ನನ್ನೇ, ಆತುರದ ರೋಗಿಯನ್ನು.

ಹೋದ ವರ್ಷ ನಮ್ಮೂರ ಕಡೆಯ ಡ್ರೈವರ್ ಒಬ್ಬರು ಬಂದರು. ಕಂಪನಿಯ ಮೆಡಿಕಲ್‌ನಲ್ಲಿ ಶುಗರ್ ಹೆಚ್ಚು ಬಂದರೆ ಕೆಲಸ ಹೋದೀತೆಂಬ ಭಯ. ನಾಲ್ಕು ದಿನದಿಂದ ಒಂದು ಮಾತ್ರೆಯ ಬದಲು ಎರಡೆರಡು ನುಂಗಿದ್ದರು. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆಂದು ಬೆಳಿಗ್ಗೆ ತಿಂಡಿಯನ್ನೂ ತಿಂದಿರಲಿಲ್ಲ. ಚೀಟಿ ಕೊಡುವಾಗ ಕೈ ನಡುಗುತ್ತಿತ್ತು, ಅಂಗಿ ಬೆವರಿನಲ್ಲಿ ಒದ್ದೆ. ಕೂರಿಸಿ ಜ್ಯೂಸ್ ಕುಡಿಸಿ, ತುರ್ತು ವಿಭಾಗಕ್ಕೆ ಕಳಿಸಿದೆವು. ಚೇತರಿಸಿಕೊಂಡ ಮೇಲೆ ಕೇಳಿದರು, “ಎರಡು ತಗೊಂಡ್ರೆ ಬೇಗ ಇಳೀತದಲ್ವಾ ಅಣ್ಣ?”

ಇಳಿಯುತ್ತದೆ. ಕೆಲವು ಮಾತ್ರೆಗಳಲ್ಲಿ ಬೇಕಾದ್ದಕ್ಕಿಂತ ಕೆಳಗೆ ಇಳಿಯುತ್ತದೆ. ಆ ಹೊತ್ತಿಗೆ ಅವರು ಸ್ಟೀರಿಂಗ್ ಹಿಡಿದಿದ್ದರೆ? ಪೆಟ್ಟು ಅವರೊಬ್ಬರಿಗೇ ಬೀಳುತ್ತಿರಲಿಲ್ಲ. ನನಗೆ ಕ್ಯಾರೊಲಿನ್ ನೆನಪಾದದ್ದು ಆಗಲೇ. ಇಷ್ಟಕ್ಕೂ ಎಚ್‌ಬಿಎ1ಸಿ ಪರೀಕ್ಷೆ ತೋರಿಸುವುದು ಸುಮಾರು ಮೂರು ತಿಂಗಳ ಸರಾಸರಿ. ನಾಲ್ಕು ದಿನದ ಆತುರದಿಂದ ಅದು ಅಷ್ಟಾಗಿ ಬದಲಾಗುವುದೂ ಇಲ್ಲ.

ಕೆಲಸದ ಭಯ ನಮಗೆಲ್ಲ ಇದೆ, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಮಾತ್ರೆ ಸಾಲುತ್ತಿಲ್ಲ ಅನಿಸಿದರೆ ಡಾಕ್ಟರಿಗೆ ಹೇಳಿ. ಒಂದು ಹೊತ್ತಿನದು ಮರೆತರೆ ಮುಂದಿನ ಸಲ ಎರಡು ಸೇರಿಸಿ ನುಂಗಬೇಡಿ. ಹೇಳಲು ಭಾಷೆಯ ತೊಡಕಿದ್ದರೆ ಕೌಂಟರಿಗೆ ಬಂದು ಕನ್ನಡದಲ್ಲೇ ಕೇಳಿ, ನಾನು ಹೇಳುತ್ತೇನೆ.

ಆ ಡ್ರೈವರ್ ಈಗ ತಿಂಗಳಿಗೊಮ್ಮೆ ಬರುತ್ತಾರೆ. ಚೀಟಿಯಲ್ಲಿ ಬರೆದಷ್ಟೇ ಮಾತ್ರೆ. ಕೆಲಸವೂ ಇದೆ.