ಹಳೆ ಜಾವಾಗೆ 12 ವೋಲ್ಟ್ ಬ್ಯಾಟರಿ ಹಾಕಿದರೆ ಬೆಳಕು ದುಪ್ಪಟ್ಟಾಗುತ್ತದೆಯೇ?

“ಹಳೆ ಬೈಕಿನ 6 ವೋಲ್ಟ್ ಬ್ಯಾಟರಿ ತೆಗೆದು 12 ವೋಲ್ಟ್ ಬ್ಯಾಟರಿ ಕೂರಿಸಿ, ಹೆಡ್‌ಲೈಟ್ ಹೊಸ ಗಾಡಿಯಂತೆ ಬೆಳಗುತ್ತದೆ.” ಇಂಥ ಸಲಹೆ ನಿಮ್ಮ ಫೋನಿಗೂ ಬಂದಿರಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕ್‌ಗಳನ್ನು ಇಂದಿಗೂ ಜೋಪಾನ ಮಾಡಿ ಓಡಿಸುವವರಿದ್ದಾರೆ. ವಾಡಿ, ಶಹಾಬಾದ್, ಸೇಡಂ ರಸ್ತೆಗಳಲ್ಲಿ ರಾತ್ರಿ ಸಿಮೆಂಟ್, ಕಲ್ಲಿನ ಲಾರಿಗಳ ನಡುವೆ ಮಂಕು ದೀಪದ ಬೈಕ್ ಓಡಿಸುವುದು ಅಪಾಯವೇ. ಆದರೆ ಈ ಸಲಹೆ ಪಾಲಿಸಿದರೆ ಅಪಾಯ ಇನ್ನೂ ಹೆಚ್ಚುತ್ತದೆ.

ಬ್ಯಾಟರಿ ಬದಲಿಸಿದರೆ ಸಾಕೇ?

ಸಾಲದು. 6 ವೋಲ್ಟ್ ಬ್ಯಾಟರಿ ಚಾರ್ಜ್ ಆಗಲು ಸುಮಾರು 7 ವೋಲ್ಟ್ ಬೇಕು, 12 ವೋಲ್ಟ್‌ನದಕ್ಕೆ ಸುಮಾರು 14. ಹಳೆ ಜಾವಾದ ರೆಗ್ಯುಲೇಟರ್ ಡೈನಮೋವನ್ನು 7 ವೋಲ್ಟ್ ಆಸುಪಾಸಿನಲ್ಲೇ ತಡೆಯುತ್ತದೆ. 7 ಅಡಿ ಮೇಲಕ್ಕೆ ನೀರೆತ್ತುವ ಪಂಪು 14 ಅಡಿ ಎತ್ತರದ ಟ್ಯಾಂಕ್ ತುಂಬಿಸದು, ಇದೂ ಹಾಗೆಯೇ. ಕೆಲವೊಮ್ಮೆ ಬ್ಯಾಟರಿಯಿಂದಲೇ ಡೈನಮೋ ಕಡೆಗೆ ಕರೆಂಟ್ ಹಿಂದಕ್ಕೆ ಹರಿದು ರೆಗ್ಯುಲೇಟರ್ ಪಾಯಿಂಟ್‌ಗಳು ಸುಡಬಹುದು.

6 ವೋಲ್ಟ್ ಬಲ್ಬುಗಳನ್ನು ಹಾಗೇ ಬಿಟ್ಟರೆ ಅವು ಕ್ಷಣದಲ್ಲಿ ಹೋಗುತ್ತವೆ. ಇಗ್ನಿಷನ್ ಕಾಯಿಲ್ ವಿಪರೀತ ಬಿಸಿಯಾಗುತ್ತದೆ.

ಹಾಗಾದರೆ “ನಾನು ಹಾಕಿಸಿದೆ, ಚೆನ್ನಾಗಿದೆ” ಎನ್ನುವವರು ಸುಳ್ಳು ಹೇಳುತ್ತಾರೆಯೇ?

ಇಲ್ಲ. ಬಲ್ಬನ್ನೂ ಬದಲಿಸಿದ್ದರೆ ಹೊಸ ಬ್ಯಾಟರಿಯಲ್ಲಿ ತುಂಬಿ ಬಂದ ಚಾರ್ಜ್ ಇರುವವರೆಗೆ ದೀಪ ಚೆನ್ನಾಗಿಯೇ ಉರಿಯುತ್ತದೆ. ಆದರೆ 35 ವ್ಯಾಟ್ ಹೆಡ್‌ಲೈಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ. 5 ಆಂಪಿಯರ್-ಅವರ್ ಬ್ಯಾಟರಿ ಎರಡು ಗಂಟೆಯೂ ಬಾರದು. ಜಾವಾದ ಇಗ್ನಿಷನ್ ಕೂಡ ಬ್ಯಾಟರಿಯನ್ನೇ ನಂಬಿದೆ. ಹೀಗಾಗಿ ಸೇಡಂನಲ್ಲಿ ಹೊಳೆದ ದೀಪ ಚಿಂಚೋಳಿಯ ಕಾಡುದಾರಿಯಲ್ಲಿ ಆರಿದರೆ ಎಂಜಿನ್ನೂ ನಿಲ್ಲಬಹುದು.

ದೀಪ ಮಂಕಾಗುವುದೇಕೆ?

ಎಷ್ಟೋ ಸಲ ತಪ್ಪು ಬ್ಯಾಟರಿಯದ್ದಲ್ಲ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ 1 ವೋಲ್ಟ್ ಸೋರಿದರೂ, 6 ವೋಲ್ಟ್ ಬಲ್ಬಿನ ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಹಣ ಖರ್ಚು ಮಾಡುವ ಮುನ್ನ ಇವನ್ನು ನೋಡಿ:

• ಅರ್ಥ್ ವೈರ್, ಬ್ಯಾಟರಿ ಟರ್ಮಿನಲ್, ಬಲ್ಬ್ ಹೋಲ್ಡರ್ ಉಜ್ಜಿ ಬಿಗಿ ಮಾಡಿ. ಕಲ್ಲುಪುಡಿ ಹಾರುವ ಊರುಗಳಲ್ಲಿ ಇದನ್ನು ಆಗಾಗ ಮಾಡಬೇಕು.
• ಡೈನಮೋದ ಕಾರ್ಬನ್ ಬ್ರಷ್ ಸವೆದಿದೆಯೇ ನೋಡಿಸಿ.
• ಎಂಜಿನ್ ವೇಗ ಸ್ವಲ್ಪ ಹೆಚ್ಚಿಸಿ, ಬ್ಯಾಟರಿಗೆ ಮಲ್ಟಿಮೀಟರ್ ಹಚ್ಚಿ. 7 ವೋಲ್ಟ್ ಹತ್ತಿರ ಬಂದರೆ ಚಾರ್ಜಿಂಗ್ ಸರಿ ಇದೆ. 6ರಲ್ಲೇ ನಿಂತರೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ.
• ಬಿಸಿಲಿನಲ್ಲಿ ಬ್ಯಾಟರಿಯ ನೀರು ಬೇಗ ಇಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರಿನ ಲವಣ ಬ್ಯಾಟರಿಯನ್ನು ಕೆಡಿಸುತ್ತದೆ.

12 ವೋಲ್ಟ್‌ಗೆ ಬದಲಿಸಲೇಬಾರದೇ?

ಬದಲಿಸಬಹುದು, ಲಾಭವೂ ಇದೆ. ಅದೇ ವ್ಯಾಟ್‌ಗೆ ಕರೆಂಟ್ ಅರ್ಧ ಸಾಕು, ವೈರಿನಲ್ಲಿ ಆಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಇಡೀ ವ್ಯವಸ್ಥೆ ಬದಲಾಗಬೇಕು: ಡೈನಮೋ ಜಾಗಕ್ಕೆ ಆಲ್ಟರ್ನೇಟರ್, ಅದಕ್ಕೆ ಹೊಂದುವ ರೆಗ್ಯುಲೇಟರ್-ರೆಕ್ಟಿಫೈಯರ್, ಬ್ಯಾಟರಿ, ಎಲ್ಲ ಬಲ್ಬುಗಳು, ಹಾರ್ನ್, ಕಾಯಿಲ್. ಹಳೆ ಡೈನಮೋದಿಂದಲೇ 12 ವೋಲ್ಟ್ ಪಡೆಯುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳೂ ಇವೆ. ಆದರೆ ಅವುಗಳಲ್ಲಿ ಬೈಕ್ ನಿಧಾನವಾಗಿ ಹೋಗುವಾಗ ಚಾರ್ಜ್ ಸಿಗುವುದು ಕಡಿಮೆ.

ಅಷ್ಟು ಖರ್ಚು ಬೇಡವೆಂದರೆ 6 ವೋಲ್ಟ್‌ನಲ್ಲೇ ಉಳಿಯಿರಿ. ಹಿಂದಿನ ದೀಪ ಮತ್ತು ಮೀಟರ್ ದೀಪಕ್ಕೆ 6 ವೋಲ್ಟ್ ಎಲ್‌ಇಡಿ ಹಾಕಿದರೆ, ಹಳೆ ಜಾವಾದ ಸುಮಾರು 45 ವ್ಯಾಟ್‌ನ ಚಿಕ್ಕ ಡೈನಮೋ ಮೇಲಿನ ಹೊರೆ ಇಳಿಯುತ್ತದೆ.

ಲಿಥಿಯಂ ಬ್ಯಾಟರಿ ಹಾಕಬಹುದೇ?

ಚಾರ್ಜಿಂಗ್ ವೋಲ್ಟೇಜ್ ಹದ್ದುಬಸ್ತಿನಲ್ಲಿ ಇಲ್ಲದ ಗಾಡಿಗೆ ಬೇಡ. ಅತಿಯಾಗಿ ಚಾರ್ಜ್ ಆದರೆ ಅದು ಉಬ್ಬಬಹುದು, ಬೆಂಕಿಯೂ ಹೊತ್ತಿಕೊಳ್ಳಬಹುದು.

ತೆಗೆದ ಹಳೆ ಬ್ಯಾಟರಿಯ ಆಸಿಡ್ ಚರಂಡಿಗೆ ಚೆಲ್ಲಬೇಡಿ. ಅದರಲ್ಲಿ ವಿಷಕಾರಿ ಸೀಸವಿದೆ. ಹೊಸದು ಕೊಳ್ಳುವ ಅಂಗಡಿಗೇ ಹಾಗೇ ಕೊಟ್ಟುಬಿಡಿ.

ಮುಂದಿನ ಸಲ ಇಂಥ ಸಲಹೆ ಬಂದಾಗ ಒಂದೇ ಪ್ರಶ್ನೆ ಕೇಳಿ: ಆ ಬ್ಯಾಟರಿ ಚಾರ್ಜ್ ಆಗುವುದು ಹೇಗೆ? ಉತ್ತರ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.