ಕಡಲ ತಳದ ಹೂಳು ನುಡಿದ ಸಾಕ್ಷಿ

ಊರ ಕೆರೆಯ ಹೂಳೆತ್ತಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕೆರೆ ಹಳೆಯದಾದಷ್ಟೂ ಹೂಳು ಹೆಚ್ಚು. ಮೇಲಿನ ಪದರ ಇತ್ತೀಚಿನದು, ತಳದ ಪದರ ಕೆರೆ ಕಟ್ಟಿದ ಕಾಲದ್ದು. ತಳದ ಹೂಳಿನ ವಯಸ್ಸು ತಿಳಿದರೆ ಕೆರೆಯ ವಯಸ್ಸೇ ತಿಳಿದಂತೆ. ಈ ಸರಳ ತರ್ಕವನ್ನೇ ಮಹಾಸಾಗರಕ್ಕೆ ಅನ್ವಯಿಸಿ ವಿಜ್ಞಾನಿಗಳು ದೊಡ್ಡದೊಂದು ವಿವಾದವನ್ನು ಬಗೆಹರಿಸಿದ ಬಗೆಯನ್ನು ನಾವಿಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಭೂಖಂಡಗಳು ಒಂದು ಕಾಲದಲ್ಲಿ ಒಟ್ಟಿಗಿದ್ದು ಅನಂತರ ದೂರ ಸರಿದವು ಎಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ ೧೯೧೨ರಲ್ಲಿಯೇ ಸಾರಿದರು. ಆಫ್ರಿಕದ ಪಶ್ಚಿಮ ಅಂಚೂ ದಕ್ಷಿಣ ಅಮೆರಿಕದ ಪೂರ್ವ ಅಂಚೂ ಒಡೆದ ಹಂಚಿನ ಎರಡು ಚೂರುಗಳಂತೆ ಹೊಂದಿಕೊಳ್ಳುತ್ತವೆ. ಆದರೆ ಅಷ್ಟು ದೊಡ್ಡ ನೆಲವನ್ನು ಸರಿಸುವ ಶಕ್ತಿ ಯಾವುದೆಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಅವರಲ್ಲಿರಲಿಲ್ಲ. ೧೯೩೦ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಅವರು ತೀರಿಕೊಂಡಾಗ ಬಹುಮಂದಿ ಭೂವಿಜ್ಞಾನಿಗಳು ಆ ವಾದವನ್ನು ಅಲ್ಲಗಳೆದಿದ್ದರು.

ಇತ್ತ ಸಾಗರತಳವೂ ಒಂದು ಒಗಟನ್ನು ಒಡ್ಡಿತ್ತು. ಕಡಲಿನಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳೂ ನುಣ್ಣನೆಯ ಧೂಳೂ ಎಡೆಬಿಡದೆ ಕೆಳಗಿಳಿದು ಹೂಳಾಗುತ್ತವೆ. ಸಾವಿರ ವರ್ಷಕ್ಕೆ ಒಂದೇ ಸೆಂಟಿಮೀಟರ್ ಎಂದು ಹಿಡಿದರೂ, ೪೦೦ ಕೋಟಿ ವರ್ಷಗಳಲ್ಲಿ ೪೦ ಕಿಲೋಮೀಟರ್ ದಪ್ಪದ ಹೂಳು ನಿಲ್ಲಬೇಕು. ಕಂಡುಬಂದದ್ದೋ ಬಹುಪಾಲು ಕಡೆ ಕೆಲವು ನೂರು ಮೀಟರ್ ಮಾತ್ರ! ಹಾಗಾದರೆ ಉಳಿದ ಹೂಳು ಎಲ್ಲಿ ಹೋಯಿತು?

ಅಮೆರಿಕದ ಹ್ಯಾರಿ ಹೆಸ್ ೧೯೬೨ರಲ್ಲಿ ಇದಕ್ಕೆ ಉತ್ತರವಿತ್ತರು. ಸಾಗರಗಳ ನಡುವೆ ಹಬ್ಬಿರುವ ಪರ್ವತಶ್ರೇಣಿಯ ಬಿರುಕಿನಿಂದ ಕರಗಿದ ಶಿಲೆ ಉಕ್ಕಿ, ತಣಿದು, ಹೊಸ ತಳವಾಗಿ ಎರಡೂ ಬದಿಗೆ ಸರಿಯುತ್ತದೆ. ಹಳೆಯ ತಳವು ಮತ್ತೊಂದೆಡೆ ಭೂಗರ್ಭಕ್ಕೆ ಇಳಿಯುತ್ತದೆ ಎಂಬುದು ಅವರ ಊಹೆ. ಸಾಗರದ ನೀರು ಪುರಾತನವಾದರೂ ತಳ ಎಳೆಯದು; ಆದುದರಿಂದಲೇ ಹೂಳು ತೆಳು.

ಊಹೆಯನ್ನು ಪರೀಕ್ಷೆಗೆ ಒಡ್ಡದೆ ಒಪ್ಪಲಾಗದು. ಹೊಸ ತಳ ಮೂಡಿದೊಡನೆ ಅದರ ಮೇಲೆ ಹೂಳು ಬೀಳತೊಡಗುತ್ತದೆ. ಆದುದರಿಂದ ಶಿಲೆಗೆ ತಾಗಿಕೊಂಡ ಕಟ್ಟಕಡೆಯ ಹೂಳಿನ ವಯಸ್ಸು ಶಿಲೆಯ ವಯಸ್ಸಿಗೆ ಬಹುಮಟ್ಟಿಗೆ ಸಮ. ಹೆಸ್ ಅವರ ಮಾತು ನಿಜವಾಗಿದ್ದರೆ ಶ್ರೇಣಿಯ ನೆತ್ತಿಯಲ್ಲಿ ಹೂಳು ಇಲ್ಲವೇ ಇಲ್ಲವೆಂಬಷ್ಟು ಕಡಿಮೆಯಿದ್ದು, ದೂರ ಹೋದಂತೆ ದಪ್ಪವಾಗಬೇಕು. ತಳದ ಹೂಳಿನ ವಯಸ್ಸೂ ದೂರಕ್ಕೆ ತಕ್ಕಂತೆ ಏರಬೇಕು. ಎಲ್ಲೆಡೆ ಒಂದೇ ವಯಸ್ಸು ಕಂಡರೆ ಆ ಸಿದ್ಧಾಂತವನ್ನೇ ಕೈಬಿಡಬೇಕು.

ಈ ಪರೀಕ್ಷೆಗೆ ಹೊರಟದ್ದು 'ಗ್ಲೋಮರ್ ಚಾಲೆಂಜರ್' ಎಂಬ ಹಡಗು. ೧೯೬೮ರ ಡಿಸೆಂಬರಿನಲ್ಲಿ ಆಫ್ರಿಕದ ಡಕಾರ್ ಬಂದರನ್ನು ಬಿಟ್ಟು ಬ್ರೆಜಿಲಿನ ರಿಯೊ ಡಿ ಜನೈರೊದತ್ತ ಸಾಗಿದ ಅದು, ದಕ್ಷಿಣ ಅಟ್ಲಾಂಟಿಕ್ ಸಾಗರದ ಶ್ರೇಣಿಯ ಎರಡೂ ಬದಿಯಲ್ಲಿ ತಳವನ್ನು ಕೊರೆಯಿತು. ಕಿಲೋಮೀಟರುಗಟ್ಟಲೆ ನೀರಿನಾಳಕ್ಕೆ ಕೊಳವೆಯಿಳಿಸಿ, ಹೂಳನ್ನು ಭೇದಿಸಿ, ಕಪ್ಪು ಬಸಾಲ್ಟ್ ಶಿಲೆಯವರೆಗೆ ಇಳಿದು ಮಾದರಿಗಳನ್ನು ಮೇಲೆತ್ತಿದರು. ಒಂದೊಂದು ಕಾಲದಲ್ಲಿ ಒಂದೊಂದು ಬಗೆಯ ಸೂಕ್ಷ್ಮಜೀವಿಗಳು ಬಾಳಿ ಅಳಿದಿರುವುದರಿಂದ, ಹೂಳಿನಲ್ಲಿದ್ದ ಅವುಗಳ ಚಿಪ್ಪುಗಳೇ ವಯಸ್ಸನ್ನು ನುಡಿದವು.

ಶ್ರೇಣಿಯಿಂದ ಸುಮಾರು ೪೨೦ ಕಿಲೋಮೀಟರ್ ದೂರದಲ್ಲಿ ತಳದ ಹೂಳಿಗೆ ಸುಮಾರು ೨ ಕೋಟಿ ೪೦ ಲಕ್ಷ ವರ್ಷ. ಸುಮಾರು ೧,೩೦೦ ಕಿಲೋಮೀಟರ್ ದೂರದಲ್ಲಿ ಸುಮಾರು ೬ ಕೋಟಿ ೭೦ ಲಕ್ಷ ವರ್ಷ. ದೂರ ಹೆಚ್ಚಿದಂತೆ ವಯಸ್ಸೂ ಕ್ರಮವಾಗಿ ಹೆಚ್ಚಿತ್ತು. ಲೆಕ್ಕ ಹಾಕಿದರೆ ತಳವು ಒಂದೊಂದು ಬದಿಗೂ ವರ್ಷಕ್ಕೆ ಸುಮಾರು ೨ ಸೆಂಟಿಮೀಟರ್, ಎಂದರೆ ಹೆಬ್ಬೆರಳಿನ ಅಗಲದಷ್ಟು ಸರಿಯುತ್ತದೆ. ಶಿಲೆಗಳ ಕಾಂತತ್ವದ ಪಟ್ಟಿಗಳಿಂದ ಮೊದಲೇ ಕಟ್ಟಿದ್ದ ಅಂದಾಜಿಗೂ ಇದು ತಾಳೆಯಾಯಿತು. ಬೇರೆಬೇರೆ ಮಾರ್ಗದ ಎರಡು ಸಾಕ್ಷಿಗಳು ಒಂದೇ ಮಾತನ್ನಾಡಿದ ಮೇಲೆ ಸಂದೇಹಕ್ಕೆ ಎಡೆ ಕಿರಿದಾಯಿತು. ೨೦೨೨ರಲ್ಲಿ 'ಜಾಯ್ಡಿಸ್ ರೆಸಲ್ಯೂಷನ್' ಹಡಗಿನ ವಿಜ್ಞಾನಿಗಳು ಇದೇ ಪ್ರದೇಶಕ್ಕೆ ಮರಳಿ, ಹೂಳನ್ನೂ ಅದರಡಿಯ ಶಿಲೆಯನ್ನೂ ಮತ್ತೆ ಕೊರೆದು ಅಭ್ಯಸಿಸಿದರು.

ಈ ಕಥೆಯಲ್ಲಿ ನಮ್ಮ ಅರಬ್ಬೀ ಸಮುದ್ರಕ್ಕೂ ಪಾಲಿದೆ. ಮೇಲೆ ಹೇಳಿದ ಕಾಂತಪಟ್ಟಿಗಳ ಅರ್ಥವನ್ನು ೧೯೬೩ರಲ್ಲಿ ಬಿಡಿಸಿದ ಬ್ರಿಟನ್ನಿನ ವೈನ್ ಮತ್ತು ಮ್ಯಾಥ್ಯೂಸ್ ಅವರು ಆಧಾರವಾಗಿಟ್ಟುಕೊಂಡದ್ದು, ಹಿಂದೂ ಮಹಾಸಾಗರದ ವಾಯವ್ಯದಲ್ಲಿರುವ ಕಾರ್ಲ್ಸ್‌ಬರ್ಗ್ ಶ್ರೇಣಿಯ ಅಳತೆಗಳನ್ನು. ಉಡುಪಿಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳ ಕಂಬದಂಥ ಕಲ್ಲುಗಳಾದರೋ, ಸುಮಾರು ೮.೮ ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಲಾವಾ ತಣಿದು ಮೂಡಿದವು. ಅಂದು ಕೂಡಿದ್ದ ಎರಡು ನೆಲಗಳ ನಡುವೆ ಇಂದು ಸಾವಿರಾರು ಕಿಲೋಮೀಟರ್ ಕಡಲಿದೆ.

ಮಕ್ಕಳೊಡನೆ ಮಲ್ಪೆಗೆ ಹೋಗುವ ತಾಯಿತಂದೆಗಳು ಆ ಕಲ್ಲುಗಳನ್ನು ತೋರಿಸಿ, ಕಾಲಡಿಯ ನೆಲವೂ ಪಯಣಿಸುತ್ತಿದೆ ಎಂಬ ಸಂಗತಿಯನ್ನು ತಿಳಿಹೇಳಲಿ. ಅದು ಹೇಗೆ ಗೊತ್ತಾಯಿತೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಕೆರೆಯ ಹೂಳಿನ ಮಾತಿನಿಂದಲೇ ಆರಂಭಿಸಬಹುದು.